ಓದುಗರ ಸ್ಪಂದನ: ಹಾಡಲೋ, ಪಿಎಚ್‌.ಡಿ. ಮಾಡಲೋ?

ಸಮಸ್ಯೆ: ನನಗೆ 32 ವರ್ಷ. ಸಂಗೀತದಲ್ಲಿ ಎಂ.ಎ. ಆಗಿದೆ, ನಾಲ್ಕು ವರ್ಷದ ಮಗು ಇದೆ. ಯಕ್ಷಗಾನದ ರಾಗಗಳ ಬಗ್ಗೆ ಪಿಎಚ್‌.ಡಿ. ಮಾಡುವ ಆಸೆ. ಹಾಡುಗಾರಿಕೆ ಹಾಳಾಗುತ್ತದೆ ಅಂತ ಗುರುಗಳು, ದುಡಿಯುವುದು ಯಾವಾಗ ಅಂತ ಮನೆಯವರು. ಏನು ಮಾಡಲಿ?

ತಂಗಿ, ಖಂಡಿತ ಮಾಡಿ. ಆದರೆ ಅರ್ಜಿಯಲ್ಲಿ 'ಯಕ್ಷಗಾನದ ರಾಗಗಳು' ಅಂತ ಬರೆಯಬೇಡಿ, ಅದು ಸಮುದ್ರ. ನಾನೂ ಹಾಗೇ ದೊಡ್ಡ ವಿಷಯ ಹಿಡಿದು ಎರಡು ವರ್ಷ ಸುಮ್ನೆ ಕಳೆದೆ. ಒಂದು ಪ್ರಸಂಗ (ಆಡುವ ಕಥೆ) ತಗೊಳ್ಳಿ, ಅದರ ಹತ್ತು ಪದ್ಯಗಳನ್ನು ತೆಂಕಿನ, ಅಂದರೆ ದಕ್ಷಿಣದ ಶೈಲಿಯ, ಭಾಗವತರು (ಯಕ್ಷಗಾನದ ಹಾಡುಗಾರರು) ಹೇಗೆ ಹಾಡುತ್ತಾರೆ, ಬಡಗಿನವರು, ಅಂದರೆ ಉತ್ತರದ ಶೈಲಿಯವರು, ಹೇಗೆ ಹಾಡುತ್ತಾರೆ ಅಂತ ಕೇಳಿ. ಭಾಗವತರು ಒಂದು ರಾಗದ ಹೆಸರು ಹೇಳುತ್ತಾರೆ, ಕರ್ನಾಟಕ ಸಂಗೀತ ಕಲಿತ ನಮ್ಮ ಕಿವಿಗೆ ಅದು ಬೇರೇನೋ ಕೇಳಿಸುತ್ತದೆ, ತಕ್ಷಣ ತಪ್ಪು ಅಂದುಬಿಡುತ್ತೇವೆ, ಅಲ್ವಾ? ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳಿದರೆ ಸಂಶೋಧನೆ ಶುರುವಾಯಿತು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸಿದ ಮೇಲೆ ಭಾಗವತರು ಮನೆಯಲ್ಲಿ ಸಿಗುತ್ತಾರೆ. ಮಳೆಗಾಲದಲ್ಲಿ ಹೋಗಿ ಕೂತು ರೆಕಾರ್ಡ್ ಮಾಡಿ, ಹಿರಿಯರದ್ದು ಮೊದಲು. ಮುಂದಿನ ವರ್ಷ ಹೋಗೋಣ ಅಂತ ನಾನು ಬಿಟ್ಟಿದ್ದ ಒಬ್ಬರು ಈಗಿಲ್ಲ. ಅವರ ಒಂದು ಪದ್ಯವೂ ನನ್ನ ಹತ್ತಿರ ಇಲ್ಲ. ಉಡುಪಿ ಎಂಜಿಎಂ ಕಾಲೇಜಿನ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲೂ ವಿಚಾರಿಸಿ.
— ಸಂಗೀತ ಶಿಕ್ಷಕಿ, ಉಡುಪಿ

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಕಾಲೇಜು ಅಧ್ಯಾಪಕರ ಅರ್ಹತೆಗೆ, ಸಂಶೋಧನಾ ವೇತನಕ್ಕೆ ನಡೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಸಂಗೀತವೂ ಇದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ವೇತನ) ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದಕ್ಕೆ ವಯಸ್ಸಿನ ಮಿತಿ 30, ಹೆಂಗಸರಿಗೆ 35ರವರೆಗೆ. ಹಾಗಾಗಿ ತಡ ಮಾಡಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು, ಆರು ವರ್ಷದವರೆಗೆ ಸಮಯ ಇರುತ್ತದೆ, ಹೆಂಗಸರಿಗೆ ಇನ್ನೂ ಎರಡು ವರ್ಷ ಜಾಸ್ತಿ ಸಿಗಬಹುದು. ಎಂ.ಎ.ಯಲ್ಲಿ ಶೇ. 55 ಇದೆಯಾ ನೋಡಿಕೊಳ್ಳಿ. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ.
— ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಗುರುಗಳ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ ಮಗಾ, ಅವರ ಹೆದರಿಕೆ ನಿಜ. ನನ್ನ ಮಗಳು ಪ್ರಬಂಧ ಬರೆಯಲು ಕೂತ ಮೊದಲ ವರ್ಷ ತಂಬೂರಿ ಮುಟ್ಟಿರಲಿಲ್ಲ. ಆಮೇಲೆ ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಗಂಟೆ ಸಾಧಕ ಮಾಡಿಯೇ ಲ್ಯಾಪ್‌ಟಾಪ್ ತೆಗೆಯುತ್ತಿದ್ದಳು. ಮಗುವನ್ನು ನಾನು ನೋಡಿಕೊಂಡೆ. ನಿಮ್ಮ ಮನೆಯವರನ್ನು ಒಮ್ಮೆ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗಿ, ಏನು ಹುಡುಕುತ್ತಿದ್ದೀರಿ ಅಂತ ಅಲ್ಲೇ ಕೂತು ಹೇಳಿ. ನನಗೆ ಮಗಳ ಕೆಲಸ ಅರ್ಥವಾಗಿದ್ದು ಹಾಗೇ, ಊರಿನ ಒಂದು ಆಟದಲ್ಲಿ, ಭಾಗವತರು ಹಾಡಿದ ಸಾಲನ್ನು ಅವಳು ನನ್ನ ಕಿವಿಯ ಹತ್ತಿರ ಮೆಲ್ಲಗೆ ಹಾಡಿ ತೋರಿಸಿದಾಗ.
— ಒಬ್ಬ ತಾಯಿ, ಕಿನ್ನಿಗೋಳಿ