ಚಕ್‌ನ್ಯಾಗ ಹಿಡಿದ್ರ ಟೇಪರ್, ಸೆಂಟರ್ ನಡುವೆ ಹಾಕಿದ್ರ ಸರಿ: ಗಾಳಾ ಬದಲಿಸಿದ ಮ್ಯಾಲ ಶುರುವಾದ ತ್ರಾಸ

ಭೋಸರಿ ಟರ್ನರ್ | ಸೋಮವಾರ, ರಾತ್ರಿ 10:40

ಎಲ್ಲಾರಿಗೂ ನಮಸ್ಕಾರ್ರಿ. ನಾ ಇಂಡಿ ಕಡೆಯವ. ಪುಣೆ ಭೋಸರಿ ಎಂಐಡಿಸಿಯೊಳಗ ಒಂದು ಸಣ್ಣ ಗಾಳಾ (ವರ್ಕ್‌ಶಾಪ್ ಜಾಗ) ಹಿಡಿದು ಜಾಬ್‌ವರ್ಕ್ ಮಾಡ್ತೀನಿ. ಎರಡು ಲೇಥ್, ಒಂದು ಮಿಲ್ಲಿಂಗ್, ಇಬ್ಬರು ಹುಡುಗ್ರು. ದೊಡ್ಡ ಲೇಥ್ ಹರಿಹರದ ಮೈಸೂರು ಕಿರ್ಲೋಸ್ಕರ್ ಮಷಿನ್, ಸೆಂಟರ್ ಹೈಟ್ 165 ಮಿ.ಮೀ. ಒಂಬತ್ತು ವರ್ಷದ ಹಿಂದ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು, ಒಂದಿನಾನೂ ಕೈ ಕೊಟ್ಟಿಲ್ಲ.

ಜೂನ್ ಕೊನೀಗೆ ಗಾಳಾ ಬದಲಿ ಮಾಡಿದ್ವಿ. ಹೈಡ್ರಾ ಕ್ರೇನ್ ತರಿಸಿ ಮಷಿನ್ ಎತ್ತಿ ಟೆಂಪೋದಾಗ ಹಾಕಿ, ಸುರಿಯೋ ಮಳ್ಯಾಗ ಹೊಸ ಜಾಗಕ್ಕ ಇಳಿಸಿದ್ವಿ. ಫೌಂಡೇಶನ್ ಬೋಲ್ಟ್ ಹಾಕಿ ಬಿಗಿ ಮಾಡಿ ಕೆಲಸ ಶುರು ಮಾಡಿದ್ವಿ. ಅವತ್ತಿನಿಂದ ಈ ತ್ರಾಸ.

ಜಾಬ್ ಇಎನ್8 ಉಕ್ಕಿಂದು, ವ್ಯಾಸ 50 ಎಚ್6, ಚಕ್‌ನಿಂದ (ಜಾಬ್ ಹಿಡಿದು ತಿರುಗಿಸೋ ಹಿಡಿ) 200 ಮಿ.ಮೀ. ಹೊರಗ. ತುದೀಗೆ ಸೆಂಟರ್ ಹೋಲ್ ಹೊಡಿಯಂಗಿಲ್ಲ ಅಂತ ಡ್ರಾಯಿಂಗ್‌ನ್ಯಾಗ ಐತಿ, ಅದಕ್ಕ ಬರೇ ಚಕ್‌ನ್ಯಾಗ ಹಿಡೀಬೇಕು. ಚಕ್ ಕಡೆ ಸೈಜ್ ಸರಿ ಬಂದ್ರ ಹೊರಗಿನ ತುದಿ 12 ಮೈಕ್ರಾನ್ (ಮಿ.ಮೀ.ನ ಸಾವಿರದಾಗ 12 ಪಾಲು) ದಪ್ಪ ಬರ್ತೈತಿ, ಅದೇ ಟೇಪರ್. ಎಚ್6 ಅಂದ್ರ ಸೈಜ್ ತಪ್ಪಲಿಕ್ಕೆ ಒಟ್ಟು ಇರೋ ಅವಕಾಶನೇ 16 ಮೈಕ್ರಾನ್, ಅದರಾಗ 12 ಟೇಪರ್‌ಗೇ ಹೋದ್ರ ಉಳಿಯೋದು ಏನ್ರಿ? 60ರಾಗ 22 ಜಾಬ್ ವಾಪಸ್ ಬಂದಾವ.

ತಿಳೀಲಾರದ ಮಾತು ಅಂದ್ರ, ಇದೇ ಮಷಿನ್‌ನ್ಯಾಗ 400 ಮಿ.ಮೀ. ಶಾಫ್ಟ್ ಎರಡೂ ತುದೀಗೆ ಸೆಂಟರ್ (ಚೂಪು ಮೊನಿ) ಕೊಟ್ಟು, ತಿರುಗಿಸಲಿಕ್ಕೆ ಕ್ಯಾರಿಯರ್ ಹಾಕಿ ಹೊಡೆದ್ರ 3 ಮೈಕ್ರಾನ್ ಒಳಗ ಬರ್ತೈತಿ. ಬಾಜು ಗಾಳಾದ ಮಿಸ್ತ್ರಿ “ಎತ್ತೋವಾಗ ಹೆಡ್‌ಸ್ಟಾಕ್ (ಚಕ್ ಇರೋ ತಲಿ) ತಿರುಗೈತಿ, ಬೋಲ್ಟ್ ಸಡಿಲ ಮಾಡಿ ಡಯಲ್ ಹಚ್ಚಿ ಸೆಟ್ ಮಾಡು” ಅಂತಾನ. ಗುರುವಾರ ಇಲ್ಲಿ ಕರೆಂಟ್ ಇರಂಗಿಲ್ಲ, ಅವತ್ತು ಬಿಚ್ಚಬೇಕು ಅಂತ ಮಾಡೀನಿ. ತಿಳಿದಾವ್ರು ಅದಕ್ಕಿಂತ ಮೊದಲ ಏನಾದ್ರೂ ಹೇಳ್ರಿ.

ಕುರ್ಲಾ ಫಿಟ್ಟರ್ | ಸೋಮವಾರ, ರಾತ್ರಿ 11:25

ಭೋಸರಿಯವರೇ, ಬಿಚ್ಚುವ ಮೊದಲು ಎರಡು ವಿಷಯ ನೋಡಿಕೊಳ್ಳಿ.

ಒಂದು, ಜಾಬ್ ಬಿಸಿ ಇರುವಾಗಲೇ ಅಳೆಯುತ್ತಿದ್ದೀರಾ? 50 ಮಿ.ಮೀ. ಉಕ್ಕು 20 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಉಬ್ಬುತ್ತದೆ. ನಿಮ್ಮ ಟೇಪರ್ ಕೂಡ ಅಷ್ಟೇ ಇರುವುದರಿಂದ ನನಗೆ ಮೊದಲು ಇದೇ ಅನುಮಾನ ಬಂತು. ಹೊರಗಿನ ತುದಿಯಿಂದ ಚಕ್ ಕಡೆಗೆ ಕಟ್ ಹೋಗುತ್ತಾ ಜಾಬ್ ಬಿಸಿಯಾಗುತ್ತದೆ, ಚಕ್ ಹತ್ತಿರದ ಭಾಗ ಬಿಸಿಯಲ್ಲಿ ಸೈಜ್‌ಗೆ ಬಂದು, ತಣಿದ ಮೇಲೆ ಸಣ್ಣದಾಗುತ್ತದೆ. ಆಗಲೂ ಹೊರತುದಿ ದಪ್ಪ ಕಾಣುತ್ತದೆ.

ಎರಡು, ಜಾಬ್ ಟೂಲ್‌ನ ಒತ್ತಡಕ್ಕೆ ಹಿಂದೆ ಸರಿಯುತ್ತಿರಬಹುದು. ಡೆಪ್ತ್ ಬದಲಿಸದೆ ಇನ್ನೊಂದೆರಡು ಖಾಲಿ ಪಾಸ್ ಕೊಟ್ಟು ನೋಡಿ. ಟೂಲ್ ತುದಿಗೆ ಹಾಕುವ ಇನ್ಸರ್ಟ್‌ನ ಮೂಗಿನ ರೇಡಿಯಸ್‌ಗಿಂತ ಕಡಿಮೆ ಡೆಪ್ತ್ ತೆಗೆದುಕೊಂಡರೆ ಅದು ಕತ್ತರಿಸುವುದಕ್ಕಿಂತ ತಳ್ಳುವುದೇ ಹೆಚ್ಚು.

ಭೋಸರಿ ಟರ್ನರ್ | ಮಂಗಳವಾರ, ರಾತ್ರಿ 9:10

ಅಣ್ಣಾರ, ಎರಡೂ ಮಾಡಿ ನೋಡಿದೆ. ನಿನ್ನೆ ಹೊಡೆದ ಜಾಬ್ ರಾತ್ರಿಯೆಲ್ಲ ಸರ್ಫೇಸ್ ಪ್ಲೇಟ್ ಮ್ಯಾಲ ಇಟ್ಟು ಮುಂಜಾನೆ ಅಳೆದ್ರೂ 12. ಫೀಡ್ ಉಲ್ಟಾ ಮಾಡಿ ಚಕ್ ಕಡೆಯಿಂದ ಹೊರಗ ಕಟ್ ತಗೊಂಡೆ, ಆಗೂ 12. ಇನ್ಸರ್ಟ್ ತಗದು ಕಲ್ಲು ತಿಕ್ಕಿದ ಎಚ್‌ಎಸ್‌ಎಸ್ ಟೂಲ್ ಹಾಕಿ ಎರಡು ಖಾಲಿ ಪಾಸ್ ಕೊಟ್ಟೆ. ಕೂದಲಿನಂಥಾ ಚಿಪ್ಸ್ ಬಂದ್ವು, ಎರಡನೇ ಪಾಸ್‌ಗೆ ಅವೂ ನಿಂತ್ವು. ಟೇಪರ್ ಮಾತ್ರ ಇದ್ದಲ್ಲೇ ಐತಿ.

ಹಳೇ ಟೂಲ್‌ರೂಮ್ | ಮಂಗಳವಾರ, ರಾತ್ರಿ 10:05

ತಮ್ಮಾ, ಹೆಡ್‌ಸ್ಟಾಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಬೇಡ. ಇದೊಂದು ಮಾತು ಕೇಳು, ಉಳಿದದ್ದು ಆಮೇಲೆ.

ನಾನು ಹರಿಹರದ ಕಡೆಯವನು, ಚಿಂಚವಾಡದಲ್ಲಿ ಟೂಲ್‌ರೂಮ್ ಕೆಲಸ ಮಾಡಿ ನಿವೃತ್ತನಾದವನು. ನಮ್ಮೂರಲ್ಲಿ 1941ರಲ್ಲಿ ಶುರುವಾದ ಕಾರ್ಖಾನೆಯ ಲೇಥ್ ಇಷ್ಟು ವರ್ಷವಾದರೂ ಭೋಸರಿಯಲ್ಲಿ 3 ಮೈಕ್ರಾನ್ ಒಳಗೆ ಶಾಫ್ಟ್ ಕೊಡುತ್ತಿದೆ ಅಂತ ಓದಿ ಮನಸ್ಸು ತುಂಬಿತು. ಆ ಹೆಡ್‌ಸ್ಟಾಕ್ ಅನ್ನು ಕಾರ್ಖಾನೆಯಲ್ಲಿ ಕೂರಿಸಿದವರು ಬೆಡ್‌ಗೆ, ಅಂದರೆ ಎಲ್ಲ ಭಾಗಗಳೂ ಕೂತಿರುವ ಉದ್ದ ತಳಕ್ಕೆ, ಹೊಂದಿಸಿ ಕೂರಿಸಿದ್ದಾರೆ. ಬೆಡ್ ಸೊಟ್ಟ ಇರುವಾಗ ಅದನ್ನು ಸಡಿಲಿಸಿ ಸೊಟ್ಟ ಬೆಡ್‌ಗೆ ಹೊಂದಿಸಿದರೆ, ಮುಂದೆ ಯಾವತ್ತೋ ಬೆಡ್ ನೆಟ್ಟಗಾದ ದಿನ ಹೆಡ್‌ಸ್ಟಾಕ್ ತಪ್ಪಿರುತ್ತದೆ. ಆಗ ಮೂಲ ಜಾಗ ಯಾವುದು ಅಂತ ಹೇಳುವವರೇ ಇರುವುದಿಲ್ಲ.

ನನಗೆ ಬೆಡ್ ತಿರುಚಿದೆ ಅನ್ನಿಸುತ್ತೆ. ಯಾಕೆ ಅಂತ ಹೇಳುತ್ತೇನೆ. ಟೇಲ್‌ಸ್ಟಾಕ್ (ಚಕ್ ಎದುರಿನ ಸೆಂಟರ್ ಹಿಡಿಯುವ ಭಾಗ) ಕಡೆ ಬೆಡ್‌ನ ಮುಂದಿನ ಹಳಿ, ಅಂದರೆ ನೀನು ನಿಲ್ಲುವ ಕಡೆಯದು, ತಗ್ಗಿದೆ ಅಂದುಕೋ. ಟೂಲ್ ಹೊತ್ತು ಓಡುವ ಕ್ಯಾರೇಜ್ ಆ ಕಡೆ ಹೋದಂತೆ ನಿನ್ನ ಕಡೆ ವಾಲುತ್ತದೆ. ಟೂಲ್ ತುದಿ ಹಳಿಯಿಂದ 165 ಮಿ.ಮೀ. ಮೇಲಿದೆಯಲ್ಲ, ಅದು ಜಾಬ್‌ನಿಂದ ದೂರ ಸರಿಯುತ್ತದೆ, ವ್ಯಾಸ ದಪ್ಪವಾಗುತ್ತದೆ. ನಿನಗೆ ಆಗುತ್ತಿರುವುದೂ ಇದೇ.

ಹಾಗಾದರೆ ಸೆಂಟರ್ ನಡುವೆ ಯಾಕೆ ಸರಿ ಬರುತ್ತೆ? ಟೇಲ್‌ಸ್ಟಾಕ್ ಕೂಡ ಅದೇ ಬೆಡ್ ಮೇಲೆ ಕೂತಿದೆ ತಮ್ಮಾ. ಬೆಡ್ ವಾಲಿದರೆ ಅದೂ ವಾಲುತ್ತದೆ, ಅದರ ಸೆಂಟರ್ ಕೂಡ ಅದೇ 165 ಎತ್ತರದಲ್ಲಿದೆ. ಟೂಲ್ ಎಷ್ಟು ಹಿಂದೆ ಸರಿಯಿತೋ ಜಾಬ್‌ನ ತುದಿಯೂ ಅಷ್ಟೇ ಅದರ ಬೆನ್ನಿಗೆ ಬಂತು. ತಪ್ಪು ಇದೆ, ಕಾಣುವುದಿಲ್ಲ. ಚಕ್‌ನಲ್ಲಿ ಮಾತ್ರ ಹಿಡಿದಾಗ ಜಾಬ್ ಹೆಡ್‌ಸ್ಟಾಕ್ ತೋರಿಸಿದ ದಿಕ್ಕಿಗೇ ನಿಲ್ಲುತ್ತದೆ, ಟೂಲ್ ಒಂದೇ ವಾಲುತ್ತದೆ, ಆಗ ತಪ್ಪು ಬಯಲಿಗೆ ಬರುತ್ತದೆ.

ಹೆಡ್‌ಸ್ಟಾಕ್ ತಿರುಗಿದ್ದರೂ ಲಕ್ಷಣ ಹೆಚ್ಚುಕಡಿಮೆ ಹೀಗೇ ಇರುತ್ತೆ, ಅದಕ್ಕೇ ನಿನ್ನ ಮಿಸ್ತ್ರಿ ಹಾಗಂದಿದ್ದು. ಅವರ ಮಾತು ಸುಳ್ಳಲ್ಲ, ಆದರೆ ಇವೆರಡನ್ನೂ ಬೇರೆ ಮಾಡಿ ತೋರಿಸುವುದು ಲೆವೆಲ್ ಒಂದೇ. ಹಳಿ ಸವೆದಿದೆ ಅನ್ನೋಣ ಅಂದರೆ, ಸವೆಯುವುದು ದಿನಾ ಕೆಲಸ ನಡೆಯುವ ಚಕ್ ಹತ್ತಿರ, ಅದರಲ್ಲೂ ಮುಂದಿನ ಹಳಿ. ಹಾಗಿದ್ದರೆ ಚಕ್ ಕಡೆ ದಪ್ಪ ಬರಬೇಕಿತ್ತು. ನಿನ್ನದು ಉಲ್ಟಾ.

ಒಂದೊಂದು ಗೀಟಿಗೆ ಮೀಟರಿಗೆ 0.02 ಮಿ.ಮೀ. ವಾಲು ತೋರಿಸುವ ಬಬಲ್ ಲೆವೆಲ್ ಯಾರ ಹತ್ತಿರವಾದರೂ ಎರವಲು ತಗೊ. ಗೌಂಡಿ ಲೆವೆಲ್‌ನಲ್ಲಿ ಇದು ಕಾಣುವುದಿಲ್ಲ. ಕ್ಯಾರೇಜ್ ಮೇಲಿನ ಕ್ರಾಸ್ ಸ್ಲೈಡ್ ಒರೆಸಿ, ಅಂಗೈಯಿಂದ ಸವರಿ ಒಂದು ಕಣವೂ ಇಲ್ಲ ಅನ್ನಿಸಿದ ಮೇಲೆ ಲೆವೆಲ್ ಅಡ್ಡಕ್ಕೆ ಇಡು. ಚಕ್ ಹತ್ತಿರ ಒಂದು ರೀಡಿಂಗ್, ಕ್ಯಾರೇಜ್ ಓಡಿಸಿ ಟೇಲ್‌ಸ್ಟಾಕ್ ಕಡೆ ಇನ್ನೊಂದು. ನಡುವೆ ಲೆವೆಲ್ ಮುಟ್ಟಬೇಡ, ತಿರುಗಿಸಬೇಡ. ಪ್ರತಿ ಸಲ ಬಬಲ್ ನಿಲ್ಲುವವರೆಗೆ ಒಂದು ನಿಮಿಷ ಕಾಯಿ. ನನ್ನ ಲೆಕ್ಕದಲ್ಲಿ ವ್ಯಾಸದಲ್ಲಿ 12 ಅಂದರೆ ಟೂಲ್ ಸರಿದದ್ದು 6 ಮೈಕ್ರಾನ್. 165 ಎತ್ತರಕ್ಕೆ 6 ಮೈಕ್ರಾನ್ ಅಂದರೆ ಮೀಟರಿಗೆ ಸುಮಾರು 0.036. ಹಾಗಾಗಿ 200 ಮಿ.ಮೀ. ಓಟಕ್ಕೆ ಸುಮಾರು ಎರಡು ಗೀಟು ಬಬಲ್ ಹಿಂದಕ್ಕೆ ಓಡಬೇಕು. ಓಡಿದರೆ ಬೆಡ್. ಅಲುಗದಿದ್ದರೆ ಹೆಡ್‌ಸ್ಟಾಕ್, ಆಗ ಮುಂದಿನ ಮಾತು ಆಡೋಣ.

ವಾಸ್ಕೋ ಮರೀನ್ | ಬುಧವಾರ, ಬೆಳಿಗ್ಗೆ 7:30

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಗೋವಾದಲ್ಲಿ ಹಡಗು ರಿಪೇರಿ ಕೆಲಸದಲ್ಲಿದ್ದೇನೆ. ಹಡಗಿನ ಎಂಜಿನ್ ರೂಮಿನ ಲೇಥ್ ಸಮುದ್ರದಲ್ಲಿ ದಿನವಿಡೀ ಹೊಯ್ದಾಡುತ್ತಲೇ ಕೆಲಸ ಮಾಡುತ್ತದೆ, ಅದಕ್ಕೆ ಬಬಲ್ ನಡುವೆ ನಿಲ್ಲುವ ಪ್ರಶ್ನೆಯೇ ಇಲ್ಲ. ಆದರೂ ನೆಟ್ಟಗಿನ ಜಾಬ್ ಬರುತ್ತದೆ, ಯಾಕೆಂದರೆ ಬೆಡ್ ತಿರುಚಿಲ್ಲ. ಹಾಗಾಗಿ ಬಬಲ್ ಸೊನ್ನೆಗೆ ತರಲು ಒದ್ದಾಡಬೇಡಿ. ಎರಡೂ ತುದಿಯಲ್ಲಿ ಒಂದೇ ಗೀಟಿಗೆ ನಿಂತರೆ ಸಾಕು. ಗಾಳಾದ ನೆಲ ಇಳಿಜಾರಿದ್ದರೂ ಚಿಂತೆಯಿಲ್ಲ, ಕೂಲಂಟ್ ಸರಿಯಾಗಿ ವಾಪಸ್ ಹರಿದು ಬಂದರಾಯಿತು.

ಭೋಸರಿ ಟರ್ನರ್ | ಬುಧವಾರ, ರಾತ್ರಿ 11:50

ಕಾಕಾ, ಲೆವೆಲ್ ಸಿಕ್ತು. ಚಕ್ ಹತ್ತಿರ ಬಬಲ್ ಸೊನ್ನೀ ಮ್ಯಾಲ. ಕ್ಯಾರೇಜ್ 200 ಓಡಿಸಿದೆ, ಎರಡು ಗೀಟಿಗೆ ಚೂರು ಕಡಿಮಿ. 700 ಓಡಿಸಿದೆ, ಆರು ಗೀಟು ಹಿಂದಕ್ಕ. ನನ್ನ ಸಣ್ಣ ಹುಡುಗ ನನ್ನ ಬಾಜೂಕ ನಿಂತು ಬಬಲ್ ಹಂಗ ನಿಧಾನಕ ಸರಿಯೋದು ನೋಡಿ “ಸೇಟ್, ಮಷಿನ್ ಉಸಿರಾಡ್ಲಿಕ್ಕತ್ತೈತಿ” ಅಂದ. ನೀವು ಮನ್ಯಾಗ ಕೂತು ಹೇಳಿದ ಲೆಕ್ಕ ಇಲ್ಲಿ ಗೀಟಿಗೆ ಗೀಟು ಕೂಡ್ತು. ನನಗ ಮೈ ಜುಂ ಅಂತು.

ಈಗ ಏನ್ ಮಾಡ್ಲಿ? ತಗ್ಗಿದ ಕಡೆ ಬೋಲ್ಟ್ ಸಡಿಲ ಮಾಡ್ಲೋ, ಎತ್ತರದ ಕಡೆ ಇನ್ನಷ್ಟು ಬಿಗಿ ಮಾಡ್ಲೋ?

ಹಳೇ ಟೂಲ್‌ರೂಮ್ | ಗುರುವಾರ, ಬೆಳಿಗ್ಗೆ 6:15

ಬಿಗಿ ಮಾಡಿ ಸರಿಪಡಿಸುವ ಯೋಚನೆ ಬಿಡು. ಎಳೆದು ನೆಟ್ಟಗೆ ಮಾಡಿದ ಬೆಡ್ ನಾಲ್ಕು ದಿನ ನೆಟ್ಟಗಿರುತ್ತದೆ, ಆಮೇಲೆ ಮತ್ತೆ ತನ್ನ ದಾರಿ ಹಿಡಿಯುತ್ತದೆ. ಬೆಡ್ ತನ್ನ ಪಾಡಿಗೆ ಆರಾಮಾಗಿ ಕೂರಬೇಕು, ಬೋಲ್ಟ್ ಬರೀ ಅಲ್ಲಾಡದಂತೆ ಹಿಡಿದರೆ ಸಾಕು.

ಇವತ್ತು ಕರೆಂಟ್ ಇಲ್ಲ ಅಂದೆಯಲ್ಲ, ಒಳ್ಳೆಯದೇ ಆಯಿತು. ಆದರೂ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊ, ನಡುವೆ ಕರೆಂಟ್ ಬಂದರೂ ಹುಡುಗರ ಕೈ ಉಳಿಯಬೇಕು. ಆಮೇಲೆ ಡಯಲ್‌ನ ಮ್ಯಾಗ್ನೆಟ್ ಸ್ಟ್ಯಾಂಡನ್ನು ನೆಲದ ಮೇಲೆ ಒಂದು ದಪ್ಪ ಪ್ಲೇಟ್ ಇಟ್ಟು ಅದರ ಮೇಲೆ ನಿಲ್ಲಿಸು, ಡಯಲ್ ಮುಳ್ಳು ಮಷಿನ್ ಕಾಲಿನ ಮೇಲೆ ಬರಲಿ. ಆ ಕಾಲಿನ ಬೋಲ್ಟ್ ನಿಧಾನ ಸಡಿಲಿಸು. ಮುಳ್ಳು ಅಲುಗದಿದ್ದರೆ ಕಾಲು ಸರಿಯಾಗಿ ಕೂತಿದೆ. ಕಾಲು ಮೇಲೆದ್ದರೆ, ಅಲ್ಲಿ ಕೆಳಗೆ ಖಾಲಿ ಇದೆ, ಬೋಲ್ಟ್ ಬೆಡ್ಡನ್ನು ಕೆಳಕ್ಕೆ ಎಳೆದುಕೊಂಡು ಕೂತಿದೆ ಅಂತ. ಒಂದೊಂದೇ ಕಾಲು, ನೋಡಿ ಬರೆದುಕೊ. ಮೊದಲು ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲು ನೋಡು.

ಭೋಸರಿ ಟರ್ನರ್ | ಶುಕ್ರವಾರ, ರಾತ್ರಿ 10:30

ಕಾಕಾ, ಸಿಕ್ತು.

ಬಾಕಿ ಕಾಲು ಎಲ್ಲಾ 2–3 ಮೈಕ್ರಾನ್‌ನ್ಯಾಗ ಇದ್ವು. ಟೇಲ್‌ಸ್ಟಾಕ್ ಕಡೆ ಮುಂದಿನ ಕಾಲಿನ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಸುತ್ತಿನ ಕಾಲುಭಾಗ ತಿರುಗಿಸಿದ್ದೆ, ಒಳಗಿಂದ ಟಕ್ ಅಂತು, ಡಯಲ್ ಮುಳ್ಳು ಮೂರು ಸುತ್ತು ಹೊಡೆದು ಇನ್ನೂ ಮುಂದ ಹೋತು. ಪೂರಾ ಸಡಿಲ ಆದಾಗ 0.40 ಮಿ.ಮೀ. ನಮ್ಮ ಡಯಲ್‌ಗೆ ಒಂದು ಸುತ್ತು ಅಂದ್ರ 0.1. ಬ್ಯಾಟರಿ ಹಚ್ಚಿ ಕೆಳಗ ನೋಡಿದ್ರ ಕಾಲಿನ ಬುಡಕ್ಕ ಇರಬೇಕಾದ ಪ್ಲೇಟೇ ಇಲ್ರಿ. ಇಳಿಸೋವಾಗ ನೀರು ನಿಂತಿತ್ತು, ಪ್ಲೇಟ್ ಜಾರಿ ನಾಲ್ಕು ಬಟ್ಟು ಆಚೆ ಹೋಗಿ ಗ್ರೌಟ್‌ನ್ಯಾಗ (ಕಾಲಿನ ಕೆಳಗ ತುಂಬಿದ ಸಿಮೆಂಟ್) ಕೂತಿತ್ತು. ಅದನ್ನ ನೋಡಲಾರದ ನಾನೇ ಉದ್ದ ಪೈಪ್ ಹಾಕಿ ಬೋಲ್ಟ್ ಬಿಗಿದಿದ್ದೆ.

ಗ್ರೌಟ್ ಕೆತ್ತಿ ತಗದು, ಹೊಸಾ ಎಂಎಸ್ ಪ್ಲೇಟ್ ಗ್ರೈಂಡಿಂಗ್ ಮಾಡಿಸಿ ಕೂರಿಸಿದೆ. ಉಳಿದ ಸಂದಿಗೆ ಹಿತ್ತಾಳಿ ಶಿಮ್ (ತೆಳು ಹಾಳಿ) ಹಾಕಿದೆ, ಪ್ರತಿ ಸಲ ಬೋಲ್ಟ್ ಕೈಬಿಗಿ ಮಾಡಿ ಲೆವೆಲ್ ನೋಡಿದೆ. ಕಡೀಗೆ 700 ಓಟಕ್ಕೂ ಬಬಲ್ ಅರ್ಧ ಗೀಟಿನ ಒಳಗ ಬಂತು. ಇವತ್ತು ಮಷಿನ್ ಅರ್ಧ ತಾಸು ಖಾಲಿ ಓಡಿಸಿ ಬಿಸಿ ಮಾಡಿ, 50 ವ್ಯಾಸದ ರಾಡ್ ಹಾಕಿ ನಡುವ ಒಂದು ಮಿ.ಮೀ. ಇಳಿಸಿ, ಎರಡೂ ಕಡೆ 20 ಅಗಲ ಕಾಲರ್ ಬಿಟ್ಟು ಹಗುರ ಕಟ್ ತಗೊಂಡೆ. 2 ಮೈಕ್ರಾನ್, ಹೊರಗಿನ ತುದಿ ದಪ್ಪ. ಸೆಂಟರ್ ನಡುವೆ ನೋಡಿದೆ, ಮೊದಲಿನಂಗ 3ರ ಒಳಗೇ ಐತಿ, ನೀವು ಹೇಳಿದಂಗ ಟೇಲ್‌ಸ್ಟಾಕ್ ಬೆಡ್ ಜೋಡಿನೇ ವಾಪಸ್ ಬಂತು.

ಆ 2 ಮೈಕ್ರಾನ್ ಕೂಡ ತಗೀಲೇನು ಕಾಕಾ?

ಹಳೇ ಟೂಲ್‌ರೂಮ್ | ಶುಕ್ರವಾರ, ರಾತ್ರಿ 11:10

ಬೇಡ ತಮ್ಮಾ, ಈಗಲೇ ಬೇಡ. ಹೊಸ ಗ್ರೌಟ್ ಇನ್ನೂ ಹಸಿ, ಕೂತುಕೊಳ್ಳಲಿ. ಮೂರು ವಾರ ಬಿಟ್ಟು ಇದೇ ಕಾಲರ್ ರಾಡ್ ಇಟ್ಟು ಮತ್ತೆ ನೋಡು. ಆ ರಾಡ್ ಎಸೆಯಬೇಡ, ಎಣ್ಣೆ ಸವರಿ ಕಾಗದ ಸುತ್ತಿ ಕಪಾಟಿನಲ್ಲಿಡು.

ಉಳಿದದ್ದನ್ನು ತಿದ್ದುವ ಕಾಲ ಬಂದಾಗ ಒಂದು ನೆನಪಿಟ್ಟುಕೊ. 1927ರಲ್ಲಿ ಜರ್ಮನಿಯ ಜಾರ್ಜ್ ಶ್ಲೆಸಿಂಗರ್ ಮಷಿನ್ ಪರೀಕ್ಷೆಯ ನಿಯಮಗಳನ್ನು ಬರೆದಿಟ್ಟರು. ಅದರಲ್ಲಿ ಹೆಡ್‌ಸ್ಟಾಕ್‌ನ ಸ್ಪಿಂಡಲ್‌ಗೆ ಹಾಕಿದ ಮ್ಯಾಂಡ್ರೆಲ್‌ನ, ಅಂದರೆ ಪರೀಕ್ಷೆಯ ನೇರ ರಾಡ್‌ನ, ಹೊರತುದಿ ಸ್ವಲ್ಪ ಮೇಲಕ್ಕೆ ಮತ್ತು ಟೂಲ್ ಕಡೆಗೆ ಮಾತ್ರ ವಾಲಬಹುದು, ಕೆಳಕ್ಕಾಗಲೀ ಟೂಲ್‌ನಿಂದ ದೂರಕ್ಕಾಗಲೀ ವಾಲಬಾರದು ಅಂತಿದೆ. ಜಾಬ್‌ನ ಭಾರ ಕೆಳಕ್ಕೆ ಎಳೆಯುತ್ತೆ, ಕಟ್‌ನ ಒತ್ತಡ ಹಿಂದಕ್ಕೆ ತಳ್ಳುತ್ತೆ, ಅದಕ್ಕೆ ಮೊದಲೇ ಸ್ವಲ್ಪ ಎದುರು ಕೊಟ್ಟಿರುವುದು. ನಿನ್ನ 2 ಮೈಕ್ರಾನ್ ಸೊನ್ನೆಗೆ ಬಂದರೂ ಸರಿ, ಕೂದಲೆಳೆಯಷ್ಟು ಆ ಕಡೆ ದಾಟಿದರೂ ಭಯಪಡಬೇಡ.

ಕುರ್ಲಾ ಫಿಟ್ಟರ್ | ಶನಿವಾರ, ಬೆಳಿಗ್ಗೆ 9:00

ನಾನು ಹೇಳಿದ ಎರಡೂ ಕಾರಣ ತಪ್ಪಾಗಿದ್ದು ಒಳ್ಳೆಯದೇ ಆಯಿತು, ನನಗೂ ಹೊಸದು ತಿಳಿಯಿತು. ಶಿಮ್ ಎಷ್ಟು ದಪ್ಪದ್ದು ಹಾಕಿದಿರಿ, ಎಷ್ಟು ಪದರ?

ಭೋಸರಿ ಟರ್ನರ್ | ಮೂರು ವಾರದ ನಂತರ

ಅಣ್ಣಾರ, ತಡಾ ಆತು, ಕ್ಷಮಿಸ್ರಿ. ಒಂದು 0.10 ಮಿ.ಮೀ., ಒಂದು 0.05, ಎರಡೇ ಪದರ. ಜಾಸ್ತಿ ಪದರ ಹಾಕಿದ್ರ ಸ್ಪ್ರಿಂಗ್ ಆಗ್ತೈತಿ ಅಂತ ಕಾಕಾ ಫೋನ್‌ನ್ಯಾಗ ಹೇಳಿದ್ರು, ಅದಕ್ಕ ಪ್ಲೇಟನ್ನೇ ಸೈಜ್‌ಗೆ ತಂದೆ. ಶಿಮ್ ನಾಗದೇವಿ ಸ್ಟ್ರೀಟ್‌ನಿಂದ ಗೆಳೆಯ ತಂದುಕೊಟ್ಟ, ಮುಂಬೈಗೆ ಹೋದಾಗ.

ನಿನ್ನೆ ಕಾಲರ್ ರಾಡ್ ತಗದು ನೋಡಿದೆ. 2 ಇದ್ದದ್ದು 5 ಆಗಿತ್ತು, ಗ್ರೌಟ್ ಕೂತೈತಿ. ಅದೇ ಕಾಲಿಗೆ 0.05 ತಗದು 0.10 ಹಾಕಿದೆ, ಈಗ ಡಯಲ್‌ನ್ಯಾಗ 1 ಮೈಕ್ರಾನ್ ಕಾಣೋದೂ ಕಷ್ಟ. ವಾಪಸ್ ಬಂದ 22ರ ಬದಲಿ ಹೊಸಾ ಜಾಬ್ ಮಾಡಿ ಕಳಿಸಿದ್ದೆ, ಎಲ್ಲಾ ಪಾಸ್ ಆದ್ವು. ಬಾಜು ಮಿಸ್ತ್ರಿಯ ಲೇಥ್‌ಗೂ ಹೋದ ರವಿವಾರ ಲೆವೆಲ್ ಇಟ್ವಿ ಕಾಕಾ, ನಾಲ್ಕು ಗೀಟು. ಈ ಗುರುವಾರ ಅದರ ಕಾಲು ನೋಡಬೇಕು.