ಪದ ಬೇಕು: ವಿಮಾನದ ದೂರ, ಹೊತ್ತು (ಬೋರ್ಡಿಗೆ, ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಗೆಳೆಯನ ಟ್ರಾವೆಲ್ಸ್ ಅಂಗಡಿಗೆ ಬೋರ್ಡ್ ಬರೆಸಬೇಕು. ಪೇಂಟರ್ ಸಂಜೆ 5ಕ್ಕೆ ಬರುತ್ತಾನೆ. ಇಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ‘ಫ್ಲೈಟ್ ಡಿಸ್ಟನ್ಸ್’ ಸುಮಾರು 445 ಕಿ.ಮೀ., ‘ಟ್ರಾವೆಲ್ ಟೈಮ್’ ಒಂದೂಕಾಲು ತಾಸಿನ ಆಸುಪಾಸು. ಗೆಳೆಯ ‘ವಾಯು ಅಂತರ’, ‘ಉಡ್ಡಯನ ಕಾಲ’ ಅಂತ ಬರೆದುಕೊಟ್ಟಿದ್ದಾನೆ. ನನಗೆ ಪಂಚಾಂಗ ಓದಿದ ಹಾಗಾಯಿತು. ಬೇರೆ ಏನಿದೆ?

ಉತ್ತರ:
‘ಉಡ್ಡಯನ’ ಚರ್ಚೆಗೂ ಲಾಯಕ್ಕಿಲ್ಲ, ಬಿಡಿ. ‘ಅಂತರ’ದ ಬಗ್ಗೆ ಮಾತ್ರ ಹೇಳಲೇಬೇಕು. ಊರಿಂದ ಊರಿಗೆ ‘ಎಷ್ಟು ದೂರ’ ಅಂತ ಕೇಳುತ್ತೇವೆಯೇ ಹೊರತು ‘ಎಷ್ಟು ಅಂತರ’ ಅಂತ ಯಾರೂ ಕೇಳಲ್ಲ. ಮರಾಠಿಯಲ್ಲಿ ಕಿಲೋಮೀಟರಿಗೂ ಅಂತರವೇ, ನಮ್ಮ ಕಡೆ ಬೋರ್ಡಿಗೆ ಅದು ಅಲ್ಲಿಂದ ನುಸುಳಿದೆ ಅಂತ ನನ್ನ ಗುಮಾನಿ. ಕಾಲಕ್ಕೆ ‘ಹೊತ್ತು’ ಹಾಕಿ. ಹಳಗನ್ನಡದ ಪೊೞ್ತು, ಪೊತ್ತು ಆಗಿ ಹೊತ್ತು ಆಯಿತು, ತಮಿಳಿನ ಪೊೞುದು ಅದರ ಒಡಹುಟ್ಟು. ‘ಹಾರುದೂರ, ಹಾರುಹೊತ್ತು’. ಮುಗೀತು. ಆ ‘ತಾಸು’ ಕೂಡ ತೆಗೆಯಿರಿ, ಅದು ಬಟ್ಟಲು ಅನ್ನೋ ಅರ್ಥದ ಪಾರ್ಸಿ ಪದ.

ಉತ್ತರ:
ಸರ್, ‘ಹಾರುಹೊತ್ತು’ ಚೆಂದ ಇದೆ, ಆದರೆ ಸುಳ್ಳು. ಟಿಕೆಟಿನಲ್ಲಿ ಬರೆದ ಹೊತ್ತು ಬರೀ ಹಾರಾಟದ್ದಲ್ಲ. ವಿಮಾನ ನಿಂತ ಜಾಗದಿಂದ ಕದಲಿ, ರನ್‌ವೇಗೆ ಉರುಳಿ, ಹಾರಿ, ಇಳಿದು, ಮತ್ತೆ ಉರುಳಿ ನಿಲ್ಲುವ ತನಕ ಎಲ್ಲ ಸೇರಿದ್ದು. ಅದಕ್ಕೆ ‘ಬ್ಲಾಕ್ ಟೈಮ್’ ಅಂತಾರೆ. ಬ್ಲಾಕ್ ಅಂದರೆ ಗಾಲಿಗೆ ಅಡ್ಡ ಇಡುವ ದಿಮ್ಮಿ, ಚಕ್ಕಡಿ ಉರುಳದಂತೆ ನಾವು ಕಲ್ಲು ಕೊಡುತ್ತೇವಲ್ಲ, ಹಾಗೆ. ಕಲ್ಲು ತೆಗೆದಾಗಿನಿಂದ ಕಲ್ಲು ಕೊಡುವ ತನಕ ಎಷ್ಟು ಹೊತ್ತು ಅಂತ ಲೆಕ್ಕ. ನಿಮ್ಮ ‘ಹಾರುದೂರ’ಕ್ಕೂ ಅದೇ ಗತಿ. 445 ಅನ್ನೋದು ನಕಾಶೆಯ ಮೇಲೆ ಎಳೆದ ನೇರ ಗೆರೆ. ವಿಮಾನ ಒಂದಿಷ್ಟು ಸುತ್ತು ಹಾಕಿಯೇ ಇಳಿಯುತ್ತದೆ. ರಸ್ತೆಯಲ್ಲಾದರೆ 500ರ ಹತ್ತಿರ. ಅದಕ್ಕೇ ‘ನೇರ ದೂರ’, ‘ಪ್ರಯಾಣದ ಹೊತ್ತು’ ಸಾಕು.

ತಾಸು ಬಟ್ಟಲೇ, ಒಪ್ಪಿದೆ. ಹಾಗಾದರೆ ‘ಗಂಟೆ’ ನಿಮ್ಮ ಹೊಲದಲ್ಲಿ ಬೆಳೆದಿದ್ದಾ? ಸಂಸ್ಕೃತದ ಘಂಟಾ ಅದು. ನೀವೇ ಕೊಟ್ಟ ‘ದೂರ’ವೂ ಸಂಸ್ಕೃತ.

ಉತ್ತರ:
ದೂರ ಅರಗಿದೆ. ತಾಸು ಅರಗಿಲ್ಲ.

ಉತ್ತರ:
ಯಾರ ಹೊಟ್ಟೆಯಲ್ಲಿ ಸರ್? ವಿಜಯಪುರ, ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ನಿಂತು ನೋಡಿ. ‘ಕಾಯಾಕ ಹತ್ತಿ ಎರಡ ತಾಸಾತು’ ಅನ್ನೋ ಅಜ್ಜಿಗೆ ಪಾರ್ಸಿ ಪಾಠ ಹೇಳಿ ಬನ್ನಿ. ‘ವೇಳಾಪಟ್ಟಿ’ ನೋಡುವಾಗ ವೇಳೆ ಎಲ್ಲಿಂದ ಬಂತು ಅಂತ ನೀವು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕೇಳಿದವನು:
ಪೇಂಟರ್ ಬಂದು ಹೋದ. ‘ನೇರ ದೂರ’ ಹಿಡಿಯಿತು. ‘ಪ್ರಯಾಣದ ಹೊತ್ತು’ ಅಂಚಿಗೆ ಬಂದು ‘ಪ್ರಯಾಣ: ಒಂದೂಕಾಲು ತಾಸು’ ಆಯಿತು. ಗೆಳೆಯ ಈಗ ಪಕ್ಕದಲ್ಲಿ ಮರಾಠಿಯಲ್ಲೂ ಬರೆಸೋಣ ಅಂತಿದ್ದಾನೆ. ಅಲ್ಲಿ ‘ಅಂತರ’ ಹಾಕಬಹುದಲ್ವಾ?