ಹೋಂಸ್ಟೇಗೆ ವಿದೇಶಿ ಅತಿಥಿಗಳು: ಸಿ ಫಾರಂ, ವೀಸಾ ದಿನಾಂಕ, ತೋಟದ ಕೆಲಸ

ತೀರ್ಥಹಳ್ಳಿ_ತೋಟ:
ತೀರ್ಥಹಳ್ಳಿ ಹತ್ತಿರ ಮೂರು ಕೋಣೆಯ ಹೋಂಸ್ಟೇ ನಮ್ಮದು. ಜರ್ಮನಿಯ ಗಂಡ-ಹೆಂಡತಿ ನವೆಂಬರ್ 8ರಿಂದ 20ರವರೆಗೆ ಬುಕ್ ಮಾಡಿದ್ದಾರೆ. ಬೆಂಗಳೂರಿಗೆ ಇಳಿಯುವುದು 3ಕ್ಕೆ. 30 ದಿನದ ಇ-ಟೂರಿಸ್ಟ್ ವೀಸಾ ಅಂತಾರೆ, ಆದರೆ ಕಳಿಸಿದ ಪ್ರತಿಯಲ್ಲಿ ಅವಧಿ ಮುಗಿಯುವ ದಿನ ನವೆಂಬರ್ 10 ಅಂತಿದೆ. ಒಪ್ಪಿಕೊಳ್ಳಬಹುದೇ? ಪೊಲೀಸರಿಗೆ ಏನು ತಿಳಿಸಬೇಕು? ಊಟ-ವಸತಿಗೆ ಬದಲಾಗಿ ಅಡಿಕೆ ಕೊಯ್ಲಿಗೆ ಕೈಜೋಡಿಸ್ತೀವಿ ಅಂತಲೂ ಕೇಳಿದ್ದಾರೆ.

ಸಾಗರ_ಸೀಮೆ:
ದಿನಾಂಕದ ಬಗ್ಗೆ ಗಾಬರಿ ಬೇಡ. 30 ದಿನದ ಇ-ವೀಸಾದಲ್ಲಿ ಆ ದಿನ ಅಂದರೆ ದೇಶದೊಳಗೆ ಬರಲು ಕೊನೆಯ ದಿನ. ಇರಬಹುದಾದ 30 ದಿನ ಲೆಕ್ಕವಾಗುವುದು ಬಂದಿಳಿದ ದಿನದಿಂದ. 3ಕ್ಕೆ ಬಂದರೆ ಡಿಸೆಂಬರ್ 2ರವರೆಗೆ ಇರಬಹುದು. ಒಂದು ವರ್ಷ, ಐದು ವರ್ಷದ ಇ-ವೀಸಾಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಅದಕ್ಕೇ ಪ್ರತಿ ಮಾತ್ರ ನೋಡಿ ಸುಮ್ಮನಾಗಬೇಡಿ, ಪಾಸ್‌ಪೋರ್ಟಿನಲ್ಲಿರುವ ವಲಸೆ ಅಧಿಕಾರಿಗಳ ಮುದ್ರೆ ನೋಡಿ. ಸೋಗಾನೆ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆ ಇಲ್ಲ. ಶಿವಮೊಗ್ಗಕ್ಕೆ ವಿಮಾನದಲ್ಲೇ ಬಂದರೂ ಮುದ್ರೆ ಮೊದಲು ಇಳಿದ ಊರಿನದೇ. ಫೋಟೋ, ವೀಸಾ, ಮುದ್ರೆ ಇರುವ ಪುಟಗಳ ಪ್ರತಿ ತೆಗೆದು ಪಾಸ್‌ಪೋರ್ಟ್ ಆಗಲೇ ವಾಪಸ್ ಕೊಡಿ. ಅದನ್ನು ಇಟ್ಟುಕೊಳ್ಳುವ ಅಧಿಕಾರ ನಮಗಿಲ್ಲ.

ಆಗುಂಬೆ_ಘಟ್ಟ:
ಮುಖ್ಯ ಕೆಲಸ ಸಿ ಫಾರಂ, ಅಂದರೆ ವಿದೇಶಿ ಅತಿಥಿ ನಮ್ಮಲ್ಲಿ ತಂಗಿದ್ದಾರೆ ಅಂತ ತಿಳಿಸುವ ವರದಿ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾನೂನು ಹೋದವು. ಹೊಸ ನಿಯಮಗಳಲ್ಲಿ ಸಿ ಫಾರಂನ ಹೆಸರು ಫಾರಂ 3. ಅತಿಥಿ ಬಂದ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ಜಾಲತಾಣದಲ್ಲಿ ಹಾಕಬೇಕು. ಬೆಂಗಳೂರಿನ ಹೋಟೆಲಿನವರು ಹಾಕಿದ್ದರೂ ನೀವು ಹೊಸದಾಗಿ ಹಾಕಲೇಬೇಕು.

ಮೊದಲು ಆ ಜಾಲತಾಣದಲ್ಲಿ ಹೋಂಸ್ಟೇ ಹೆಸರಲ್ಲಿ ಖಾತೆ ಬೇಕು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವುದು ಎಸ್ಪಿ ಆಫೀಸು, ಒಪ್ಪಿಗೆ ಅಲ್ಲಿಂದ ಆಗಬೇಕು. ಅತಿಥಿ ಬಂದ ದಿನ ಶುರುಮಾಡಿದರೆ 24 ಗಂಟೆ ಅದರಲ್ಲೇ ಕಳೆದುಹೋಗುತ್ತೆ. ಇವತ್ತೇ ಮಾಡಿ.

ಜಾಸ್ತಿ ತಪ್ಪಾಗುವುದು ಎರಡು ಕಡೆ. ಭಾರತಕ್ಕೆ ಬಂದ ದಿನ ಅಂತ ಕೇಳಿದಲ್ಲಿ ಹೋಂಸ್ಟೇಗೆ ಬಂದ ದಿನ ಬರೆಯುತ್ತಾರೆ. ಪಾಸ್‌ಪೋರ್ಟ್ ನಂಬರಿನಲ್ಲಿ ಸೊನ್ನೆಗೆ ಓ ಅಕ್ಷರ ಹೊಡೆಯುತ್ತಾರೆ. ನಂಬರು ತಪ್ಪಿದರೆ ವಿಮಾನ ನಿಲ್ದಾಣದ ದಾಖಲೆಗೂ ನಿಮ್ಮ ವರದಿಗೂ ತಾಳೆಯಾಗುವುದಿಲ್ಲ. ಅವಧಿ ಮೀರಿ ಉಳಿದವರನ್ನು ಹುಡುಕುವಾಗ ಪೊಲೀಸರಿಗೆ ಸಿಗುವ ಕೊನೆಯ ವಿಳಾಸ ಇಂಥ ವರದಿಯಲ್ಲಿರುವುದೇ. ಗಡಿ ಕಾಯುವ ಕೆಲಸದಲ್ಲಿ ಹೋಂಸ್ಟೇಯವರ ಪಾಲೂ ಇದೆ, ದಯವಿಟ್ಟು ಹಗುರವಾಗಿ ತಗೋಬೇಡಿ.

ತೀರ್ಥಹಳ್ಳಿ_ತೋಟ:
ಗಾಳಿಮಳೆ ಬಂದರೆ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಏನು ಮಾಡೋದು?

ಆಗುಂಬೆ_ಘಟ್ಟ:
ಗಡುವು ಅದಕ್ಕೆಲ್ಲ ಕಾಯುವುದಿಲ್ಲ ಮಾರಾಯ್ರೇ. ವಿವರ ಕಾಗದದಲ್ಲಿ ಬರೆದುಕೊಂಡು ಪೇಟೆಗೆ ಹೋಗಿ ಹಾಕಿ. ಸಲ್ಲಿಸಿದ ಮೇಲೆ ಬರುವ ಪ್ರತಿ ಮುದ್ರಿಸಿ, ಅತಿಥಿಗಳ ರಿಜಿಸ್ಟರಿನ ಜತೆ ಇಡಿ. ಗಂಡ-ಹೆಂಡತಿಗೆ ಬೇರೆ ಬೇರೆ ಫಾರಂ.

ಶರಾವತಿ_ಎಡದಂಡೆ:
ಕೊಯ್ಲಿನ ಮಾತಿಗೆ ಬೇಡ ಅಂದುಬಿಡಿ. ಇ-ಟೂರಿಸ್ಟ್ ವೀಸಾದಲ್ಲಿ ಗರಿಷ್ಠ ಒಂದು ತಿಂಗಳ ಸ್ವಯಂಸೇವೆಗೆ ಅವಕಾಶವಿದೆ, ಆದರೆ ಹಣವಾಗಲಿ ಬೇರೆ ಯಾವ ಪ್ರತಿಫಲವಾಗಲಿ ಇರಬಾರದು. ಪುಕ್ಕಟೆ ಊಟ-ವಸತಿಯೂ ಪ್ರತಿಫಲವೇ. ವೀಸಾ ಷರತ್ತು ಮುರಿದರೆ, ಅವಧಿ ಮೀರಿ ಉಳಿದರೆ ಹೊಸ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೋಣೆ ಬಾಡಿಗೆ ಪೂರ್ತಿ ತಗೊಂಡು ರಸೀದಿ ಕೊಡಿ. ತೋಟ ಸುತ್ತಿ ನೋಡಲಿ, ಅಡಿಕೆ ಸುಲಿಯೋದು ನೋಡಲಿ, ಅದಕ್ಕೇನೂ ಅಡ್ಡಿಯಿಲ್ಲ.

ಮುಂದೆ ಬೈಲಕುಪ್ಪೆಗೆ ಹೋಗುವವರಾದರೆ ಈಗಲೇ ತಿಳಿಸಿಬಿಡಿ: ಟಿಬೆಟನ್ ಕ್ಯಾಂಪಿನೊಳಗೆ ರಾತ್ರಿ ತಂಗಲು ವಿದೇಶಿಯರಿಗೆ ಕೇಂದ್ರ ಸರ್ಕಾರದ ಪ್ರತ್ಯೇಕ ಪರವಾನಗಿ ಬೇಕು. ಅರ್ಜಿ ಹಾಕಿ ಬಹಳ ದಿನ ಕಾಯಬೇಕಾಗುತ್ತೆ, ಇಲ್ಲಿಂದ ಹೊರಡುವಾಗ ನೆನಪಾದರೆ ಆಗೋದಿಲ್ಲ.